‘ಮಾನ್‌ಸ್ಟರ್’ನ 74 ಕಂತುಗಳಲ್ಲಿ ಯಾವುವನ್ನು ಬಿಟ್ಟು ನೋಡಬಹುದು?

‘ಮಾನ್‌ಸ್ಟರ್’ ಎಂಬ ಜಪಾನಿ ಅನಿಮೆಯಲ್ಲಿ (ಆನಿಮೇಷನ್ ಸರಣಿಯಲ್ಲಿ) ಕೊಲೆಗಾರ ಯೋಹಾನನೆಂಬುದು ಆರಂಭದಲ್ಲೇ ಗೊತ್ತಾಗುವುದರಿಂದ ನಡುವಿನ ಕಂತುಗಳನ್ನು ಹಾರಿಸಬಹುದೇ ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದೆ. ನನ್ನ ದುರದೃಷ್ಟಕ್ಕೆ ಉತ್ತರವೂ ಸಿಕ್ಕಿತು. ಯಾರೋ ಪುಣ್ಯಾತ್ಮರು ‘ಮುಖ್ಯ ಕಂತು’ಗಳ ಪಟ್ಟಿಯನ್ನೇ ಸಿದ್ಧಪಡಿಸಿಟ್ಟಿದ್ದರು. ಯೋಹಾನ್ ಕಾಣಿಸಿಕೊಳ್ಳುವ, ಇಲ್ಲವೇ ಅವನು ಬೆಳೆದ ಪೂರ್ವ ಬರ್ಲಿನ್ನಿನ ಅನಾಥಾಲಯ ಕಿಂಡರ್‌ಹೈಮ್ 511ರ ಗುಟ್ಟು ಬಿಚ್ಚಿಕೊಳ್ಳುವ ಕಂತುಗಳಷ್ಟೇ ಅದರಲ್ಲಿದ್ದವು. ಅದನ್ನು ನಂಬಿ ಮ್ಯೂನಿಕ್ ಭಾಗಕ್ಕೆ ಬಂದಾಗ ರಿಚರ್ಡ್ ಬ್ರೌನ್ ಎಂಬ ಖಾಸಗಿ ಪತ್ತೇದಾರನ ಕಥೆಯನ್ನು ಬಹುಪಾಲು ಬಿಟ್ಟುಬಿಟ್ಟೆ.

ಆ ಲೋಪವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಕಥೆ ಮೊದಲೇ ತಿಳಿಯಬಾರದೆನ್ನುವವರು ಈ ಪ್ಯಾರಾದ ಉಳಿದ ಭಾಗವನ್ನೂ ಮುಂದಿನ ಪ್ಯಾರಾವನ್ನೂ ಓದದಿರುವುದು ಒಳ್ಳೆಯದು. ರಿಚರ್ಡ್ ಮೊದಲು ಪೊಲೀಸ್ ಅಧಿಕಾರಿಯಾಗಿದ್ದವನು. ಕೊಲೆ ಆರೋಪಿಯಾಗಿದ್ದ ಹುಡುಗನೊಬ್ಬನನ್ನು ಗುಂಡಿಟ್ಟು ಕೊಂದ ಮೇಲೆ ಅವನ ನೌಕರಿಯೂ ಹೋಯಿತು, ಸಂಸಾರವೂ ಒಡೆಯಿತು. ಮನೋವೈದ್ಯ ರೈಖ್‌ವೈನ್ ಬಳಿ ಚಿಕಿತ್ಸೆ ಪಡೆಯುತ್ತ, ಕುಡಿತವನ್ನು ಬಿಟ್ಟು, ಮಗಳನ್ನು ಕಾಣುವ ದಿನಕ್ಕಾಗಿ ಕಾಯುತ್ತಿರುವ ಆ ಮನುಷ್ಯನನ್ನು ಯೋಹಾನ್ ಮುಟ್ಟುವುದೂ ಇಲ್ಲ. ಕಟ್ಟಡವೊಂದರ ಮೇಲೆ ನಿಂತು ಅವನೊಂದಿಗೆ ಮಾತಾಡುತ್ತಾನೆ, ಅಷ್ಟೇ. ಮಾರನೆಯ ದಿನ ಅದು ಕುಡಿದ ಅಮಲಿನಲ್ಲಿ ಕೆಳಗೆ ಬಿದ್ದವನ ಸಾವೆನಿಸಿಕೊಳ್ಳುತ್ತದೆ.

ರಿಚರ್ಡ್ ಮತ್ತೆ ಕುಡಿಯುವವನಲ್ಲ ಎಂದು ರೈಖ್‌ವೈನ್ ಪಟ್ಟು ಹಿಡಿದಾಗ, ನನಗೆ ಆ ಮುದುಕನನ್ನು ನಂಬಲು ಕಾರಣವೇ ಇರಲಿಲ್ಲ, ಏಕೆಂದರೆ ರಿಚರ್ಡ್ ಚೇತರಿಸಿಕೊಂಡದ್ದನ್ನು ನಾನು ನೋಡಿಯೇ ಇರಲಿಲ್ಲ. ಕುಡುಕನೊಬ್ಬ ಬಿದ್ದು ಸತ್ತ ಎಂದೇ ನಾನೂ ತೀರ್ಮಾನಿಸಿದೆ. ಯೋಹಾನನ ಕ್ರೌರ್ಯದ ವಿಧಾನವೇ ಕಣ್ತಪ್ಪಿತು; ಒಬ್ಬ ಮನುಷ್ಯ ಕಷ್ಟಪಟ್ಟು ಮತ್ತೆ ಕಟ್ಟಿಕೊಂಡಿದ್ದನ್ನು ಕೇವಲ ಮಾತಿನಿಂದ ಕೆಡವುವುದು ಅವನ ಪರಿ, ಕಟ್ಟಿಕೊಂಡದ್ದನ್ನು ಕಾಣದವನಿಗೆ ಕೆಡವಿದ್ದು ಕಾಣುವುದಾದರೂ ಹೇಗೆ? ಆಮೇಲೆ ಆ ಕಂತುಗಳನ್ನು ಹುಡುಕಿ ನೋಡಿದೆನಾದರೂ, ರಿಚರ್ಡ್ ಬಾಟಲಿಯನ್ನು ದೂರವಿಡುವ ಪ್ರತಿ ದೃಶ್ಯದಲ್ಲೂ ಅವನ ಸಾವು ಮೊದಲೇ ಗೊತ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ಕೊಲೆಗಾರ ಯಾರೆಂದು ಕಂಡುಹಿಡಿಯುವ ಪತ್ತೇದಾರಿ ಕಥೆ ಇದಲ್ಲ. 1986ರ ಡ್ಯುಸೆಲ್ಡಾರ್ಫಿನಲ್ಲಿ, ಒಪೆರಾ ಗಾಯಕನಿಗಾಗಿ ತುರ್ಕಿ ಕಾರ್ಮಿಕನೊಬ್ಬನನ್ನು ಕೈಬಿಡಬೇಕಾಗಿ ಬಂದದ್ದರಿಂದ ನೊಂದ ಜಪಾನಿ ನರಶಸ್ತ್ರಚಿಕಿತ್ಸಕ ಟೆನ್ಮಾ, ಮುಂದಿನ ಸಲ ಮೇಯರನನ್ನು ಬಿಟ್ಟು, ತಲೆಗೆ ಗುಂಡು ತಗುಲಿದ್ದ ಹುಡುಗನನ್ನು ಉಳಿಸುತ್ತಾನೆ. ಆ ಹುಡುಗನೇ ಯೋಹಾನ್. ಎಲ್ಲ ಜೀವಗಳೂ ಸಮಾನವೆಂಬ ವೈದ್ಯನ ನಂಬಿಕೆ ಇದಾದ ಮೇಲೂ ನಿಲ್ಲುತ್ತದೆಯೇ ಎಂಬುದಷ್ಟೇ ಕಥೆಯ ಪ್ರಶ್ನೆ. ಟೆನ್ಮಾ ದಾರಿಯಲ್ಲಿ ಕಾಣುವ ಅಪರಿಚಿತರ ಬದುಕಿನಲ್ಲಲ್ಲದೆ ಅದನ್ನು ಬೇರೆಲ್ಲಿ ಪರೀಕ್ಷಿಸಬೇಕು? ಮೇಯರನೇ ಮುಖ್ಯ ಎಂದ ಆಸ್ಪತ್ರೆಯ ನಿರ್ದೇಶಕನ ಲೆಕ್ಕಾಚಾರಕ್ಕೂ ಆ ಪಟ್ಟಿಗೂ ನನಗಂತೂ ವ್ಯತ್ಯಾಸ ತೋರುವುದಿಲ್ಲ.

ಇನ್ನು, ಸಮಯ ತುಂಬಲೆಂದು ಸೇರಿಸಿದ ಕಂತುಗಳೂ ಇದರಲ್ಲಿಲ್ಲ. ನವೋಕಿ ಉರಸಾವಾ 1994ರಿಂದ 2001ರವರೆಗೆ ಬರೆದ 18 ಸಂಪುಟಗಳ ಮಾಂಗಾ (ಜಪಾನಿ ಚಿತ್ರಕಥೆ) ಮುಗಿದ ಮೇಲೆಯೇ ಮ್ಯಾಡ್‌ಹೌಸ್ ಸ್ಟುಡಿಯೋ 2004–05ರಲ್ಲಿ ಅನಿಮೆಯನ್ನು ಹೊರತಂದದ್ದು; ನಿರ್ದೇಶಕ ಮಸಾಯುಕಿ ಕೊಜಿಮಾ ಮೂಲವನ್ನು ಬಹಳ ನಿಷ್ಠೆಯಿಂದ ಅನುಸರಿಸಿದ್ದಾರೆ. ಅಷ್ಟು ಹೊತ್ತು ಕೂರಲಾಗದಿದ್ದರೆ ಮಾಂಗಾವನ್ನೇ ಓದಿ, ನಿಮ್ಮ ವೇಗದಲ್ಲಿ ಸಾಗಬಹುದು. ಅನಿಮೆಯನ್ನೇ ಆರಿಸಿಕೊಂಡರೆ ದಿನಕ್ಕೆ ಒಂದೆರಡು ಕಂತುಗಳಂತೆ ನೋಡಿ, ಮ್ಯೂನಿಕ್ ಭಾಗದಲ್ಲಿ ಟೆನ್ಮಾ ಬಹಳ ಹೊತ್ತು ಕಾಣದೇ ಹೋದಾಗಲೂ ಮುಂದಕ್ಕೆ ಓಡಿಸಬೇಡಿ.