ಹೊರಗಿಂದ ಕೆಲಸಗಾರರು ಬಂದ್ರೆ ಅಲ್ಲಿನವರ ಕೆಲಸ, ಸಂಬಳ ನಿಜವಾಗ್ಲೂ ಕಮ್ಮಿ ಆಗುತ್ತಾ?

ಕೆಲವರಿಗೆ ಆಗುತ್ತೆ, ಎಲ್ರಿಗೂ ಅಲ್ಲ. ಇರೋ ಕೆಲಸ ಇಷ್ಟೇ, ಹೊರಗಿನವನೊಬ್ಬ ಬಂದ್ರೆ ಒಳಗಿನವನೊಬ್ಬ ಮನೆಗೆ ಅಂತ ಲೆಕ್ಕ ಹಾಕ್ತಾರಲ್ಲ, ಎಡವೋದೇ ಅಲ್ಲಿ. ಬಂದವನೂ ಬಾಡಿಗೆ ಕಟ್ತಾನೆ, ಊಟ ಬಟ್ಟೆ ತಗೋತಾನೆ, ಅದ್ರಿಂದ ಬೇರೆಯವರಿಗೆ ಕೆಲಸ ಹುಟ್ಟುತ್ತೆ.

1980ರಲ್ಲಿ ಕ್ಯೂಬಾದಿಂದ ಸುಮಾರು 1.25 ಲಕ್ಷ ಜನ ಕೆಲವೇ ತಿಂಗಳಲ್ಲಿ ಬೋಟ್ ಹತ್ತಿ ಅಮೆರಿಕಾಕ್ಕೆ ಬಂದ್ರು, ಅಲ್ಲಿನ ಮಯಾಮಿ ನಗರದ ಕೆಲಸಗಾರರ ಸಂಖ್ಯೆ ಹೆಚ್ಚುಕಮ್ಮಿ 7% ಏರಿತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಲೆಕ್ಕ ತೆಗೆದು ನೋಡಿದ್ರೆ ಅಲ್ಲಿದ್ದವರ ಸಂಬಳಕ್ಕೆ ಹೇಳ್ಕೊಳ್ಳೋ ಅಂಥ ಪೆಟ್ಟೇ ಬಿದ್ದಿರ್ಲಿಲ್ಲ. ಆಮೇಲೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಬಂದು, ಹೈಸ್ಕೂಲ್ ಮುಗಿಸದ ಗಂಡಸರನ್ನ ಮಾತ್ರ ನೋಡಿ, ಅವರ ಸಂಬಳ ಜೋರಾಗೇ ಬಿದ್ದಿದೆ ಅಂದ್ರು, ಅದಕ್ಕೆ ಇನ್ನು ಕೆಲವರು ನಿಮ್ಮ ಸ್ಯಾಂಪಲ್ ತೀರಾ ಚಿಕ್ಕದು ಸ್ವಾಮಿ ಅಂದ್ರು, ಜಗಳ ಇನ್ನೂ ಮುಗಿದಿಲ್ಲ.

ಉಲ್ಟಾ ಕೇಸೂ ಇದೆ. ಮೆಕ್ಸಿಕೋ ಕೂಲಿಗಳನ್ನ ಹೊಲದ ಕೆಲಸಕ್ಕೆ ಕರೆಸ್ತಿದ್ದ ಬ್ರಾಸೆರೋ ಯೋಜನೆನ ಅಮೆರಿಕಾ 1964ರ ಕೊನೆಗೆ ನಿಲ್ಲಿಸ್ತು. ಸ್ಥಳೀಯರ ಕೂಲಿ ಏರುತ್ತೆ ಅಂದ್ಕೊಂಡಿದ್ರು, ಆದ್ರೆ ಕ್ಯಾಲಿಫೋರ್ನಿಯಾದ ಟೊಮ್ಯಾಟೊ ಬೆಳೆಗಾರರು ಜಾಸ್ತಿ ಕೂಲಿ ಕೊಡೋ ಬದಲು ಕೊಯ್ಲು ಮೆಷಿನ್ ತಂದ್ರು, ಅಷ್ಟೇ.

ನನ್ ಪ್ರಕಾರ ಹೊಡೆತ ಜಾಸ್ತಿ ಬೀಳೋದು ಅದೇ ಥರ ಕೆಲಸ ಮಾಡೋ, ಮುಂಚೆ ವಲಸೆ ಬಂದವರಿಗೆ. ಅದ್ರಲ್ಲೂ ವೀಸಾನ ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದ್ರೆ ಆ ಮನುಷ್ಯ ಕೆಲಸ ಬಿಡೋ ಹಾಗಿಲ್ಲ, ಸಂಬಳ ಕೇಳೋ ಹಾಗಿಲ್ಲ, ಆಗ ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡೋ ಸ್ಥಳೀಯನಿಗೂ ಚೌಕಾಸಿ ಮಾಡೋಕೆ ದಮ್ ಇರಲ್ಲ.