ಎಡಗಾಲಿಗೆ ಕೆಲಸವಿಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದವು: ಪೆಟ್ರೋಲ್ ಬಿಟ್ಟು ಎಲೆಕ್ಟ್ರಿಕ್‌ಗೆ ಹೋಗೋದು. ಪಾಲಿಶ್, ಪಂಕ್ಚರ್ ಕೇಳಿದವರು ಒಂದು ತಿಂಗಳು ಕಾಯಬೇಕು.

ಪ್ರಶ್ನೆ: ಸಾರ್, ಇಪ್ಪತ್ತು ವರ್ಷದಿಂದ ಜೋರಾಗಿ ಓಡುವ ಪೆಟ್ರೋಲ್ ಕಾರುಗಳನ್ನೇ ಇಟ್ಟುಕೊಂಡವನು ನಾನು. ಈಗಿರುವುದು ಟರ್ಬೊ, ಕೈಯಲ್ಲಿ ಹಾಕುವ ಆರು ಗೇರು. ಮುಂದಿನದು ಎಲೆಕ್ಟ್ರಿಕ್ ಆಗಲಿ ಅಂತ ಮನೆಯವರ ಒತ್ತಾಯ. ಅರ್ಧ ಗಂಟೆ ಓಡಿಸಿ ನೋಡಿದೆ. ಒತ್ತಿದ ತಕ್ಷಣ ಬೆನ್ನು ಸೀಟಿಗೆ ಅಂಟಿಕೊಂಡಿತು. ನನ್ನ ಕಾರು ಅದರ ಮುಂದೆ ಏನೂ ಅಲ್ಲ. ಆದರೆ ಮನೆಗೆ ಬಂದು ನೆನಪಿಸಿಕೊಳ್ಳೋಣ ಎಂದರೆ ಏನೂ ಉಳಿದಿರಲಿಲ್ಲ. ಐಬು ಕಾರಿನದೋ, ನನ್ನದೋ? ಬದಲಾಯಿಸಲೋ ಬೇಡವೋ?
(ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ನನ್ನ ಎಡಗಾಲು ನೆನಪಾಯಿತು. ಮೂರು ವರ್ಷದ ಹಿಂದೆ ಎಲೆಕ್ಟ್ರಿಕ್ ಕಾರು ತಂದ ಮೊದಲ ವಾರ ಅದು ಕ್ಲಚ್ ಹುಡುಕುತ್ತಲೇ ಇತ್ತು. ಸಿಗ್ನಲ್ ಹತ್ತಿರ ಬಂತೆಂದರೆ ತಾನಾಗಿ ಮೇಲೆದ್ದು, ಇಲ್ಲದ ಪೆಡಲ್ ತುಳಿದು, ನೆಲಕ್ಕೆ ಧಪ್ಪೆಂದು ಬೀಳುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಎರಡು ದಿನ ನಕ್ಕಳು. ಮೂರನೇ ದಿನ, ಕಾಲು ನೋವಾ ಎಂದು ಕೇಳಿದಳು.

ಅದಕ್ಕೆ ಮುಂಚೆ ಹನ್ನೊಂದು ವರ್ಷ ನನ್ನ ಹತ್ತಿರ ಇದ್ದದ್ದು ಹೋಂಡಾ ಎಸ್ 2000. 1999ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ, ಎರಡೇ ಸೀಟು. ಎರಡು ಲೀಟರ್ ಎಂಜಿನ್, ಟರ್ಬೊ ಇಲ್ಲ, ಆದರೂ 9000 ಆರ್‌ಪಿಎಂ ತನಕ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ತಿರುಗುತ್ತಿತ್ತು. ಕೆಳಗಿನ ಆರ್‌ಪಿಎಂನಲ್ಲಿ ಅದು ಸಾಧು ಪ್ರಾಣಿ. 6000 ಹತ್ತಿರ ಬಂದಾಗ ವಾಲ್ವ್ ತೆರೆಯುವ ಕ್ಯಾಮ್ ಬದಲಾಗಿ ದನಿಯೇ ಬೇರೆ ಆಗುತ್ತಿತ್ತು, ಆಮೇಲೆ ಹಿಡಿಯೋರಿಲ್ಲ. ಅಲ್ಲಿಗೆ ಮುಟ್ಟಬೇಕಾದರೆ ನಾವು ದುಡಿಯಬೇಕು. ಯಾವ ಗೇರು, ಯಾವಾಗ ಅಂತ ಲೆಕ್ಕ ಇಟ್ಟುಕೊಳ್ಳಬೇಕು. ತಿರುವು ಬರುವ ಮುಂಚೆ ಬ್ರೇಕ್ ಮೇಲಿನ ಪಾದದ ಅಂಚಿನಿಂದಲೇ ಆಕ್ಸಿಲರೇಟರನ್ನು ಒಂದು ಸಲ ಕುಟುಕಿ, ಎಂಜಿನ್ ಏರಿಸಿ, ಗೇರ್ ಇಳಿಸಬೇಕು. ಇದು ನನ್ನ ಕಾಲಿಗೆ ಹತ್ತಲು ಎರಡು ವರ್ಷ ಬೇಕಾಯಿತು, ಒಂದು ಕ್ಲಚ್ ಪ್ಲೇಟೂ ಹೋಯಿತು.

ಎಲೆಕ್ಟ್ರಿಕ್ ಕಾರು ಈ ದುಡಿಮೆ ಕೇಳುವುದೇ ಇಲ್ಲ. ಪೆಟ್ರೋಲ್ ಎಂಜಿನ್ ಸುಮ್ನೆ ಉರಿಯುತ್ತಾ ನಿಲ್ಲೋಕೂ ಏಳೆಂಟು ನೂರು ಆರ್‌ಪಿಎಂ ಬೇಕು, ಜೋರು ಬರೋಕೆ ಇನ್ನೂ ಮೇಲೆ ಹೋಗಬೇಕು. ಟರ್ಬೊ ಇದ್ದರೆ ಅದರ ಚಕ್ರ ತಿರುಗಿ ಗಾಳಿ ತುಂಬುವ ತನಕ ಒಂದು ಗಳಿಗೆ ಕಾಯಬೇಕು, ನಿಮಗೆ ಅದು ಚೆನ್ನಾಗಿ ಗೊತ್ತು. ಮೋಟಾರಿಗೆ ಕಾಯುವ ಕೆಲಸವಿಲ್ಲ. ಸುರುಳಿಯಲ್ಲಿ ಕರೆಂಟ್ ಹರಿದ ಕ್ಷಣವೇ, ಚಕ್ರ ಇನ್ನೂ ನಿಂತಿರುವಾಗಲೇ, ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ. 15,000 ಆರ್‌ಪಿಎಂ ದಾಟಿ ತಿರುಗುವ ಮೋಟಾರುಗಳೂ ಇವೆ. ನನ್ನ ಹೋಂಡಾದ 9000 ಅದರ ಮುಂದೆ ಎಲ್ಲಿ? ಆದರೆ ಆ 15,000 ಯಾರ ಕಿವಿಗೂ ಬೀಳುವುದಿಲ್ಲ. ಹಾಗಾಗಿ ಆ ಅರ್ಧ ಗಂಟೆಯಲ್ಲಿ ನೀವು ಮಾಡಿದ ಕೆಲಸ ಒಂದೇ, ಒತ್ತಿದ್ದು. ನೆನಪು ಉಳಿಯೋಕೆ ಅಷ್ಟು ಸಾಕಾ? ಐಬು ನಿಮ್ಮದೂ ಅಲ್ಲ, ಕಾರಿನದೂ ಅಲ್ಲ.

ಆದರೆ ಅರ್ಧ ಗಂಟೆಯಲ್ಲಿ ನಿಮಗೆ ಕಾಣದೇ ಹೋದದ್ದೂ ಒಂದಿದೆ. ಈ ಕಾರಿನಲ್ಲೂ ಕಾಲಿಗೆ ವಿದ್ಯೆ ಬೇಕು, ಬಲಗಾಲಿಗೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ, ಕಾರಿನ ಓಟವನ್ನು ಕರೆಂಟಾಗಿ ಬ್ಯಾಟರಿಗೆ ವಾಪಸು ತುಂಬುತ್ತದೆ, ಕಾರು ನಿಧಾನವಾಗುತ್ತದೆ. ಮೊದಲ ತಿಂಗಳು ನಾನು ಪೆಟ್ರೋಲ್ ಕಾರಿನ ಚಾಳಿಯಲ್ಲೇ ಕಾಲನ್ನು ಥಟ್ಟನೆ ಎತ್ತಿಬಿಡುತ್ತಿದ್ದೆ. ಎಲ್ಲರ ತಲೆಯೂ ಮುಂದಕ್ಕೆ. ಹಿಂದಿನ ಸೀಟಿನ ಮಗಳು ವಾಂತಿ ಮಾಡಿಕೊಂಡಳು, ಅದೂ ಹೊಸ ಕಾರಿನಲ್ಲಿ. ಆಮೇಲೆ ಕಲಿತೆ: ಕಾಲು ಎತ್ತಬಾರದು, ಸಡಿಲಿಸಬೇಕು. ಎಷ್ಟು ಸಡಿಲಿಸಿದರೆ ತಿರುವಿನ ಬಾಯಲ್ಲಿ ಎಷ್ಟು ವೇಗ ಉಳಿಯುತ್ತದೆ ಎಂದು ಅಂದಾಜು ಮಾಡಿ, ಬ್ರೇಕ್ ಮುಟ್ಟದೆ ಒಳಗೆ ಹೋಗಿ ಹೊರಗೆ ಬರುವುದಿದೆಯಲ್ಲ, ಅದು ಸರಿಯಾಗಿ ಬರೋಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಹಳೇ ವಿದ್ಯೆಯಷ್ಟು ಗಲಾಟೆಯದ್ದಲ್ಲ. ಆದರೆ ಸರಿಯಾಗಿ ಬಂದ ದಿನ ಒಬ್ಬನೇ ನಕ್ಕೆ.

ಇದರಲ್ಲಿ ಒಂದು ತೊಡಕು ಇದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ವಾಪಸು ಬಂದ ಕರೆಂಟ್ ಹೋಗೋಕೆ ಜಾಗವಿರುವುದಿಲ್ಲ. ಬ್ಯಾಟರಿ ತುಂಬಾ ತಣ್ಣಗಿದ್ದರೂ ಅದು ಬೇಗ ಒಳಗೆ ತೆಗೆದುಕೊಳ್ಳುವುದಿಲ್ಲ. ಆಗ ಕಾಲು ಸಡಿಲಿಸಿದರೂ ಕಾರು ದಿನದ ಹಾಗೆ ನಿಧಾನವಾಗುವುದಿಲ್ಲ. ನಾನು ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಬೆಳಿಗ್ಗೆ ಸೀದಾ ಇಳಿಜಾರಿಗೆ ಇಳಿದವನು. ಬ್ರೇಕ್ ಪೆಡಲ್ ಎಲ್ಲಿದೆ ಎಂದು ಆ ದಿನ ಮತ್ತೆ ನೆನಪಾಯಿತು. ಕೆಲವು ಕಾರುಗಳು ಇಂಥ ಹೊತ್ತಿನಲ್ಲಿ ಡಿಸ್ಕ್ ಬ್ರೇಕನ್ನೇ ತಾವಾಗಿ ಬೆರೆಸಿ ಸರಿದೂಗಿಸುತ್ತವೆ. ನನ್ನದು ಆ ಜಾತಿಯಲ್ಲ.

ತೂಕದ ಮಾತು ಬಂದರೆ ನನಗೆ ಇನ್ನೂ ಸಮಾಧಾನವಿಲ್ಲ. ಹೋಂಡಾ ಸಾವಿರದ ಇನ್ನೂರೈವತ್ತು ಕೆಜಿ ಆಸುಪಾಸು. ಈಗಿನದು ಎರಡು ಟನ್ನಿಗೆ ಸ್ವಲ್ಪ ಕಡಿಮೆ, ಅದರಲ್ಲಿ ಬ್ಯಾಟರಿಯೇ ನಾನೂರೈವತ್ತು ಕೆಜಿ. ಆ ಭಾರ ನೆಲಕ್ಕೆ ಹತ್ತಿರ ಇರುವುದರಿಂದ ತಿರುವಿನಲ್ಲಿ ಕಾರು ವಾಲುವುದು ಕಡಿಮೆ, ಚಪ್ಪಟೆಯಾಗಿ ಹೋಗುತ್ತದೆ. ಆದರೆ ದಿಕ್ಕು ಬದಲಿಸುವಾಗ ಭಾರ ತಾನಿದ್ದೇನೆ ಎಂದು ಹೇಳುತ್ತದೆ, ಅದನ್ನು ಯಾವ ಎಂಜಿನಿಯರೂ ಪೂರ್ತಿ ಮುಚ್ಚಿಡಲಾರ. ಟೈರಿಗೂ ಅದೇ ಪೆಟ್ಟು. ಮೊದಲ ಜೊತೆ ಹಿಂದಿನ ಟೈರು ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಬೇಗ ಬೋಳಾದವು. ಸಿಗ್ನಲ್ ಸಿಗ್ನಲ್‌ನಲ್ಲಿ ನಾನು ಮಾಡಿದ ಹುಡುಗಾಟವೂ ಅದರಲ್ಲಿ ಸೇರಿದೆ, ಒಪ್ಪಿಕೊಳ್ಳುತ್ತೇನೆ.

ಚಾರ್ಜಿಂಗ್ ಬಗ್ಗೆ ಒಂದೇ ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಅಂದರೆ 75 ಯೂನಿಟ್ಟಿನ ದೊಡ್ಡ ಬ್ಯಾಟರಿ ಪೂರ್ತಿ ತುಂಬಿದರೂ ಎಂಟು ಲೀಟರ್ ಚಿಲ್ಲರೆ ಪೆಟ್ರೋಲಿಗೆ ಸಮ. ಅಷ್ಟರಲ್ಲೇ ನಾನೂರು ಕಿಲೋಮೀಟರ್ ಹೋಗುತ್ತದೆ, ಯಾಕೆಂದರೆ ಮೋಟಾರು ಪೋಲು ಮಾಡುವುದು ಕಡಿಮೆ. ನಮ್ಮ ಪೆಟ್ರೋಲ್ ಎಂಜಿನ್‌ಗಳು ಮುಕ್ಕಾಲು ಪಾಲಿನ ಹತ್ತಿರ ಬರೀ ಬಿಸಿ ಮಾಡಿ ಸೈಲೆನ್ಸರಿನಿಂದ, ರೇಡಿಯೇಟರಿನಿಂದ ಹೊರಗೆ ಬಿಡುತ್ತವೆ. ಆದರೆ ಇಷ್ಟು ಸಣ್ಣ ಗಂಟು ಇಟ್ಟುಕೊಂಡವನಿಗೆ ಪ್ರತಿ ಖರ್ಚೂ ಕಣ್ಣಿಗೆ ಕುಕ್ಕುತ್ತದೆ. ವೇಗ ಎರಡು ಪಟ್ಟಾದರೆ ಎದುರುಗಾಳಿಯ ತಡೆ ನಾಲ್ಕು ಪಟ್ಟು. ಹೆದ್ದಾರಿಯಲ್ಲಿ ನಿಮ್ಮ ಈಗಿನ ಅಭ್ಯಾಸದಲ್ಲೇ ಓಡಿಸಿದರೆ ಆ ನಾನೂರು ಮುನ್ನೂರರ ಕೆಳಗೆ ಇಳಿದರೂ ಆಶ್ಚರ್ಯವಿಲ್ಲ. ಮನೆಯಲ್ಲಿ ರಾತ್ರಿ ಚಾರ್ಜ್ ಮಾಡಲು ಜಾಗ ಇಲ್ಲದಿದ್ದರೆ ಈ ಯೋಚನೆಯನ್ನೇ ಬಿಡಿ.

ಈಗ ನಿಮ್ಮ ಪ್ರಶ್ನೆ. ಪತ್ರದಲ್ಲಿ ನೀವು ಆರು ಗೇರು, ಅದೂ ಕೈಯಲ್ಲಿ ಹಾಕುವುದು ಎಂದು ಬರೆದಿದ್ದೀರಿ. ಎಷ್ಟು ಅಶ್ವಶಕ್ತಿ ಎಂದು ಬರೆದೇ ಇಲ್ಲ. ನೂರು ತಲುಪಲು ಎಷ್ಟು ಸೆಕೆಂಡ್ ಎಂದೂ ಇಲ್ಲ. ನಿಮಗೆ ಬೇಕಾದದ್ದು ವೇಗಕ್ಕಿಂತ ಕೈಕಾಲಿಗೆ ಕೆಲಸ ಎಂದು ನನ್ನ ಅನುಮಾನ. ಹಾಗಿದ್ದರೆ ಅತಿ ವೇಗದ ಎಲೆಕ್ಟ್ರಿಕ್ ಕಾರು ಮಾತ್ರ ತೆಗೆದುಕೊಳ್ಳಬೇಡಿ. ಮೂರು ಸೆಕೆಂಡಿನ ಕಾರು ಐದು ಸೆಕೆಂಡಿನ ಕಾರಿಗಿಂತ ಬೇಗ ಬೇಸರ ತರಿಸುತ್ತದೆ, ಭಾರವೂ ಜಾಸ್ತಿ. ಸಣ್ಣ ಬ್ಯಾಟರಿಯ, ಹಗುರದ, ಸ್ಟೀರಿಂಗ್ ಚೆನ್ನಾಗಿರುವ ಕಾರು ನೋಡಿ. ಕಾಲು ತೆಗೆದಾಗ ಎಷ್ಟು ನಿಧಾನವಾಗಬೇಕು ಎಂಬುದನ್ನು ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಲ್ಲೇ ಬದಲಿಸುವಂತಿದ್ದರೆ ಇನ್ನೂ ಒಳ್ಳೆಯದು, ಬೆರಳಿಗಾದರೂ ಕೆಲಸ ಸಿಗುತ್ತದೆ. ಎರಡು ಕಾರು ಇಡುವ ಅನುಕೂಲ ಇದ್ದರೆ ಟರ್ಬೊ ಮಾರಬೇಡಿ. ಇಲ್ಲದಿದ್ದರೆ ಎಲೆಕ್ಟ್ರಿಕ್ ಕಾರೊಂದನ್ನು ಎರಡು ದಿನ ಬಾಡಿಗೆಗೆ ತಂದು, ಕಣ್ಣು ಮುಚ್ಚಿದರೂ ಪ್ರತಿ ತಿರುವು ಗೊತ್ತಿರುವ ರಸ್ತೆಯಲ್ಲಿ ಒಬ್ಬರೇ ಓಡಿಸಿ. ಅರ್ಧ ಗಂಟೆ ಸಾಲದು. ಮನೆಯವರನ್ನು ಎರಡನೇ ದಿನ ಕೂರಿಸಿಕೊಳ್ಳಿ, ಮೊದಲ ದಿನ ಬೇಡ.

ಪ್ರಶ್ನೆ: ಎಲೆಕ್ಟ್ರಿಕ್ ಕಾರುಗಳಲ್ಲಿ ಸ್ಪೀಕರ್‌ನಿಂದ ಎಂಜಿನ್ ಸದ್ದು ಬರಿಸುತ್ತಾರಂತೆ, ಇಲ್ಲದ ಗೇರನ್ನೂ ಬದಲಾಯಿಸಬಹುದಂತೆ. ನಾಚಿಕೆಯಾಗೋದಿಲ್ವಾ?

ಉತ್ತರ: ನೀವು ಹೇಳುತ್ತಿರುವುದು ಹ್ಯುಂಡೈ ಅಯಾನಿಕ್ 5 ಎನ್ ಎಂಬ, 2023ರಲ್ಲಿ ಬಂದ ಕಾರಿನ ವಿಷಯ ಇರಬೇಕು. ಅದರಲ್ಲಿ ಎಂಟು ಗೇರಿನ ನಾಟಕವಿದೆ. ಪ್ಯಾಡಲ್ ಎಳೆದರೆ ಒಂದು ಜಗ್ಗು, ಗೇರ್ ಬದಲಿಸಲು ಮರೆತರೆ ಎಂಜಿನ್ ಮಿತಿ ಮುಟ್ಟಿದ ಹಾಗೆ ತಡವರಿಕೆ, ಎಲ್ಲಾ ಸಾಫ್ಟ್‌ವೇರ್. ನಾನೂ ಮೂಗು ಮುರಿದುಕೊಂಡೇ ಹತ್ತಿದೆ. ಹತ್ತು ನಿಮಿಷದಲ್ಲಿ ತಿರುವಿಗೆ ಮುಂಚೆ ಎರಡು ಗೇರ್ ಇಳಿಸುತ್ತಿದ್ದೆ. ಅದರಿಂದ ಕಾರು ನಿಧಾನವಾಗುತ್ತದೆಯೇ ಹೊರತು ವೇಗವಾಗುವುದಿಲ್ಲ, ಆದರೂ ಮಜಾ ಬಂತು.

ನಾಚಿಕೆಯ ಮಾತು ಎತ್ತಿದರೆ, ಪೆಟ್ರೋಲ್ ಕಾರುಗಳೂ ಸಾಚಾ ಅಲ್ಲ. 2011ರ ಬಿಎಂಡಬ್ಲ್ಯು ಎಂ 5 ಟರ್ಬೊ ಎಂಜಿನ್ನಿನ ಸದ್ದನ್ನು ಸ್ಟೀರಿಯೊ ಸ್ಪೀಕರ್‌ಗಳಿಂದಲೇ ಒಳಗೆ ಕೇಳಿಸುತ್ತಿತ್ತು. ಇನ್ನು ಎಲೆಕ್ಟ್ರಿಕ್ ಕಾರು ನಿಧಾನವಾಗಿ ಹೋಗುವಾಗ ಹೊರಗೆ ಬರುವ ಗುಂಯ್ ಸದ್ದು ಬೇರೆ ವಿಷಯ. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೂ ಗಂಟೆಗೆ 20 ಕಿ.ಮೀ. ವೇಗದವರೆಗೆ ಅದು ಕಡ್ಡಾಯ. ರಸ್ತೆ ದಾಟುವವರಿಗೆ, ಅದರಲ್ಲೂ ಕಣ್ಣು ಕಾಣದವರಿಗೆ, ಕಾರು ಬರುತ್ತಿರುವುದು ಗೊತ್ತಾಗಬೇಕಲ್ವಾ.

ಪ್ರಶ್ನೆ: ನಮ್ಮ ತಂದೆ ಪೆಟ್ರೋಲ್ ಭಕ್ತರು. 'ಇವೆಲ್ಲ ನಿನ್ನೆ ಮೊನ್ನೆಯ ಆಟಿಕೆ, ರೇಸಿಗೆ ಬರೋದಿಲ್ಲ' ಅಂತಾರೆ. ಏನು ಉತ್ತರ ಕೊಡಲಿ?

ಉತ್ತರ: ಮೊದಲು 1899 ಎಂದು ಹೇಳಿ. ಆ ವರ್ಷದ ಏಪ್ರಿಲ್ 29ರಂದು ಕಮಿಲ್ ಜೆನಾಟ್ಸಿ ಎಂಬ ಬೆಲ್ಜಿಯಂ ಚಾಲಕ ಪ್ಯಾರಿಸ್ ಹತ್ತಿರ ಗಂಟೆಗೆ 105.88 ಕಿ.ಮೀ. ವೇಗ ಮುಟ್ಟಿದ. ರಸ್ತೆಯ ಮೇಲಿನ ವಾಹನವೊಂದು ನೂರು ದಾಟಿದ್ದು ಅದೇ ಮೊದಲು, ಅದು ಓಡಿದ್ದು ಬ್ಯಾಟರಿಯಲ್ಲಿ. ಅದರ ಹೆಸರಿನ ಅರ್ಥ 'ಎಂದೂ ತೃಪ್ತಿಯಿಲ್ಲದವಳು' ಎಂದು.

ಆಮೇಲೆ 2018 ಎಂದು ಹೇಳಿ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ರೇಸಿನಲ್ಲಿ ರೊಮೇನ್ ಡ್ಯುಮಾ ಓಡಿಸಿದ ಫೋಕ್ಸ್‌ವ್ಯಾಗನ್ ಐಡಿ ಆರ್ ಎಂಬ ಎಲೆಕ್ಟ್ರಿಕ್ ರೇಸ್ ಕಾರು 156 ತಿರುವುಗಳನ್ನು 7 ನಿಮಿಷ 57 ಸೆಕೆಂಡಿನಲ್ಲಿ ಮುಗಿಸಿತು. ಅಲ್ಲಿ ಎಂಟು ನಿಮಿಷದೊಳಗೆ ಬಂದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ತುದಿ 4300 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಪೆಟ್ರೋಲ್ ಎಂಜಿನ್‌ಗೆ ಉಸಿರು ಸಾಲುವುದಿಲ್ಲ, ಮೋಟಾರಿಗೆ ಉಸಿರೇ ಬೇಡ.

ಇಷ್ಟು ಹೇಳಿ ಸುಮ್ಮನಾಗಿ. ಅಪ್ಪ ಬುದ್ಧಿವಂತರಾದರೆ, 'ಅದು ಬರೀ ಎಂಟು ನಿಮಿಷ, ಅರ್ಧ ಗಂಟೆ ರೇಸ್ ಓಡಿಸಿ ನೋಡೋಣ' ಅಂತಾರೆ. ಆಗ ಸೋಲೊಪ್ಪಿಕೊಳ್ಳಿ. ಮಾಮೂಲಿ ಎಲೆಕ್ಟ್ರಿಕ್ ಕಾರನ್ನು ಟ್ರ್ಯಾಕಿಗೆ ಇಳಿಸಿದರೆ ಕೆಲವೇ ಸುತ್ತಿಗೆ ಬ್ಯಾಟರಿ ಕಾದು, ಕಾರು ತಾನೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ನನ್ನದು ಮೂರನೇ ಸುತ್ತಿನಲ್ಲಿ ಕೈಕೊಟ್ಟಿತು. ಆಮೇಲೆ ಚಾರ್ಜರ್ ಮುಂದೆ ಮುಕ್ಕಾಲು ಗಂಟೆ ನಿಂತು ಬೇರೆಯವರ ಕಾರು ನೋಡಿದೆ.

ಪ್ರಶ್ನೆ: ಸರ್ವೀಸ್ ಖರ್ಚೇ ಇಲ್ಲವಂತೆ, ಹೌದಾ?

ಉತ್ತರ: ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಟೈಮಿಂಗ್ ಬೆಲ್ಟ್, ಕ್ಲಚ್ ಇಲ್ಲ. ಬ್ರೇಕ್ ಆಯಿಲ್, ಕೂಲೆಂಟ್, ಏಸಿ ಫಿಲ್ಟರ್ ಇವೆ. 12 ವೋಲ್ಟಿನ ಪುಟ್ಟ ಬ್ಯಾಟರಿಯೂ ಇದೆ, ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಬ್ರೇಕ್ ಪ್ಯಾಡ್ ಸವೆಯುವುದು ಕಡಿಮೆ. ಬಳಸದೆ ಡಿಸ್ಕ್ ತುಕ್ಕು ಹಿಡಿಯುತ್ತದೆ, ಆದ್ದರಿಂದ ವಾರಕ್ಕೆ ಒಂದೆರಡು ಸಲ ಬೇಕೆಂದೇ ಗಟ್ಟಿಯಾಗಿ ಬ್ರೇಕ್ ಹಾಕಿ, ಹಿಂದೆ ಯಾರೂ ಇಲ್ಲದಾಗ.

ಪ್ರಶ್ನೆ: ನಿಜ ಹೇಳಿ, ಆ ಹೋಂಡಾ ಮಾರಿದ್ದಕ್ಕೆ ಬೇಸರ ಇಲ್ವಾ?

ಉತ್ತರ: ಇದೆ. ಹೋದ ತಿಂಗಳು ಸಿಗ್ನಲ್‌ನಲ್ಲಿ ಪಕ್ಕಕ್ಕೇ ಬಂದು ನಿಂತಿತ್ತು. ಬಾಗಿಲ ಮೇಲೆ ನಾನೇ ಮಾಡಿದ ಗೀರು ಇನ್ನೂ ಹಾಗೇ ಇತ್ತು. ಗಾಜು ಇಳಿಸಿದೆ. ಹಸಿರು ಬಿದ್ದಾಗ ಅಭ್ಯಾಸಬಲದಿಂದ ಒತ್ತಿಬಿಟ್ಟೆ, ಅದು ಹಿಂದೆ ಉಳಿಯಿತು. ಮೊದಲ ಗೇರು ಮುಗಿದು ಎರಡನೆಯದಕ್ಕೆ ಬಿದ್ದ ಸದ್ದು ಹಿಂದೆಲ್ಲೋ ಸಣ್ಣಗೆ ಕೇಳಿಸಿತು. ಕಾಲು ಸಡಿಲಿಸಿ ಅದನ್ನು ಮುಂದೆ ಬಿಟ್ಟೆ.