ಹ್ಯಾರಿ ಪಾಟರ್ ಸಿನಿಮಾಗಳಲ್ಲಿ ಸ್ನೇಪ್ ಮೇಷ್ಟ್ರಾಗಿದ್ದ ನಟ ಅಲನ್ ರಿಕ್‌ಮನ್ ಸಿನಿಮಾಕ್ಕೆ ಅಷ್ಟು ತಡವಾಗಿ ಬಂದಿದ್ದು ಯಾಕೆ?

ಮೊದಲು ಅವರು ಹಿಡಿದ ದಾರಿಯೇ ಬೇರೆ. 1946ರಲ್ಲಿ ಲಂಡನ್ನಿನ ಆ್ಯಕ್ಟನ್‌ನಲ್ಲಿ, ದುಡಿದು ತಿನ್ನುವವರ ಮನೆಯಲ್ಲಿ ಹುಟ್ಟಿದರು. ಎಂಟನೇ ವಯಸ್ಸಿಗೆ ಅಪ್ಪ ತೀರಿಕೊಂಡರು. ನಾಲ್ಕು ಮಕ್ಕಳನ್ನು ಅಮ್ಮನೇ ಸಾಕಿದರು. ಅಂಥ ಮನೆಯ ಹುಡುಗ ನಾಟಕ ನಂಬಿಕೊಂಡು ಬದುಕುವುದು ಕಷ್ಟ, ಅಲ್ವಾ? ಗ್ರಾಫಿಕ್ ಡಿಸೈನ್ ಕಲಿತು, ಗೆಳೆಯರ ಜೊತೆ ಸ್ಟುಡಿಯೋ ನಡೆಸಿದರು. 26ನೇ ವಯಸ್ಸಿಗೆ ಅದನ್ನು ಬಿಟ್ಟು, ರಾಡಾ ಎಂಬ ಹೆಸರಾಂತ ನಟನಾ ಶಾಲೆಗೆ ಪತ್ರ ಬರೆದು ಆಡಿಷನ್ ಕೇಳಿದರು. ಓದುವಾಗ ಖರ್ಚಿಗೆ ರಾಲ್ಫ್ ರಿಚರ್ಡ್‌ಸನ್‌ರಂಥ ದೊಡ್ಡ ನಟರಿಗೆ ವೇಷ ತೊಡಿಸುವ ಕೆಲಸ ಮಾಡಿದರು.

ಆಮೇಲೆ ವರ್ಷಗಟ್ಟಲೆ ರಂಗಭೂಮಿ. 1985ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ನಾಟಕದಲ್ಲಿ ವಾಲ್ಮೋನ್ ಎಂಬ ಮೋಸಗಾರ ಶ್ರೀಮಂತನ ಪಾತ್ರ ಸಿಕ್ಕಿತು. ನಾಟಕ ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಗೂ ಹೋಯಿತು, ಅಲ್ಲಿನ ದೊಡ್ಡ ರಂಗಭೂಮಿ ಪ್ರಶಸ್ತಿ ಟೋನಿಗೆ ಅವರ ಹೆಸರು ನಾಮನಿರ್ದೇಶನವೂ ಆಯಿತು. ಹಾಲಿವುಡ್‌ನವರ ಕಣ್ಣಿಗೆ ಬಿದ್ದಿದ್ದು ಆಗ.

1988ರ ‘ಡೈ ಹಾರ್ಡ್’ ಅವರ ಮೊದಲ ಸಿನಿಮಾ. ಆಗಲೇ 42 ವರ್ಷ! ಅದರಲ್ಲಿ ಅವರೇ ಖಳನಾಯಕ; ಆ ಖಳನಾಯಕ ಕಟ್ಟಡದಿಂದ ಬೀಳುವ ದೃಶ್ಯದಲ್ಲಿ, ಹೇಳಿದ ಎಣಿಕೆ ಮುಗಿಯುವ ಮೊದಲೇ ಅವರನ್ನು ಕೆಳಗೆ ಬಿಟ್ಟರು. ಆ ಮುಖದಲ್ಲಿ ಕಾಣುವ ಗಾಬರಿ ನಿಜವಾದದ್ದು.

ನನಗೆ ಜಾಸ್ತಿ ಇಷ್ಟ ಅವರ ದನಿ. ಸ್ನೇಪ್ ಆಗಿ ಅವರು ಕೂಗಾಡುವುದೇ ಕಮ್ಮಿ. ಒಂದೊಂದೇ ಮಾತು ನಿಧಾನಕ್ಕೆ ಬಿಡುತ್ತಾರೆ, ನಡುವೆ ಸುಮ್ನೆ ನಿಲ್ಲುತ್ತಾರೆ, ತರಗತಿಯೇ ಉಸಿರು ಬಿಗಿಹಿಡಿಯುತ್ತದೆ. ಅದು ರಂಗಭೂಮಿ ಕೊಟ್ಟ ಹಿಡಿತ. 2001ರಿಂದ 2011ರವರೆಗೆ ಎಂಟೂ ಸಿನಿಮಾಗಳಲ್ಲಿ ಆ ಪಾತ್ರ ಮಾಡಿದರು. 2016ರ ಜನವರಿಯಲ್ಲಿ, 69ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡರು.